ಕ್ಲಾಸಿಗೆ ಹೋಗದೆ ಬಸ್ಸು, ಲಿಫ್ಟು, ಬ್ಯಾಂಕಲ್ಲೇ ಇಂಗ್ಲಿಷ್ ಕಲಿತವರು ಯಾರಾದರೂ ಇದ್ದೀರಾ?

ಹೊಸ ಬಾಡಿಗೆದಾರ

ನಗರಕ್ಕೆ ಬಂದು ಏಳು ತಿಂಗಳಾಯಿತು. ಡಿಗ್ರಿವರೆಗೂ ಕನ್ನಡ ಮಾಧ್ಯಮದಲ್ಲೇ ಓದಿದವನು. ಇಂಗ್ಲಿಷ್ ಕಣ್ಣಿಗೆ ಬಿದ್ದರೆ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಕಿವಿಗೆ ಬಿದ್ದರೆ ಎಲ್ಲ ಗೋಜಲು. ಬಾಯಿಗೆ ಬರುವುದಂತೂ ದೂರದ ಮಾತು.

ಹೋದ ವಾರ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಮೇಡಂ ನಗುತ್ತಾ 'ವುಡ್ ಯು ಮೈಂಡ್ ವೇಟಿಂಗ್?' ಅಂದರು. ವೇಟಿಂಗ್ ಅನ್ನೋದು ಮಾತ್ರ ಗೊತ್ತಾಯಿತು. ಕಾಯಲು ಹೇಳುತ್ತಿದ್ದಾರೆ, ಕಾಯೋಣ ಅಂತ ಜೋರಾಗಿ 'ಯೆಸ್, ಯೆಸ್' ಅಂದೆ. ಅವರ ನಗು ಅಲ್ಲಿಗೇ ನಿಂತಿತು. ಹಿಂದೆ ನಿಂತವರೊಬ್ಬರು ಕಿಸಕ್ಕನೆ ನಕ್ಕರು. ಯಾಕೆ ಅಂತ ತಿಳಿದಿದ್ದು ಸಂಜೆ, ರೂಮ್‌ಮೇಟ್ ಹೇಳಿದ ಮೇಲೆ. ಅವರು ಕೇಳಿದ್ದು 'ಕಾದರೆ ಬೇಜಾರಿಲ್ಲ ತಾನೇ?' ಅಂತ. ನಾನು ಹೇಳಿದ್ದು 'ಬೇಜಾರಿದೆ, ಬೇಜಾರಿದೆ'.

ಈಗ ಆರು ವಾರದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಲೋ, ಹೀಗೇ ಬೀದಿಯಲ್ಲಿ ಎಡವಿ ಎಡವಿ ಕಲಿಯಲೋ ಗೊತ್ತಾಗುತ್ತಿಲ್ಲ. ದಯವಿಟ್ಟು 'ದಿನಾ ಪೇಪರ್ ಓದಿ, ಸಿನಿಮಾ ನೋಡಿ' ಅನ್ನಬೇಡಿ. ಅದನ್ನು ಎಲ್ಲರೂ ಹೇಳುತ್ತಾರೆ. ನೀವು ನಿಜವಾಗಿ ಏನು ಮಾಡಿದಿರಿ, ಅದನ್ನು ಬರೆಯಿರಿ.

ರಾತ್ರಿ ಪಾಳಿ

ಆ 'ಮೈಂಡ್' ನನ್ನನ್ನೂ ಕಾಡಿದೆ. ನಾನು ಆಸ್ಪತ್ರೆಯಲ್ಲಿ ನರ್ಸ್. ಶಾಲೆಯಲ್ಲಿ ಮೈಂಡ್ ಅಂದರೆ ಮನಸ್ಸು ಅಂತ ಹೇಳಿಕೊಟ್ಟು ಕೈತೊಳೆದುಕೊಂಡರು. ಊರು ಬಿಟ್ಟು ಬಂದ ಮೇಲೆ ನೋಡಿದರೆ ಮೆಟ್ಟಿಲ ಹತ್ತಿರ 'ಮೈಂಡ್ ದ ಸ್ಟೆಪ್', ತಗ್ಗು ಬಾಗಿಲ ಮೇಲೆ 'ಮೈಂಡ್ ಯುವರ್ ಹೆಡ್'. ಪೆನ್ ಬಿದ್ದುಹೋಯಿತು, ಸಾರಿ ಅಂದರೆ 'ನೆವರ್ ಮೈಂಡ್'. ಲಂಡನ್ನಿನ ಸುರಂಗ ರೈಲಿನಲ್ಲಂತೂ 1968ರಿಂದ 'ಮೈಂಡ್ ದ ಗ್ಯಾಪ್' ಅಂತ ಕೂಗುತ್ತಲೇ ಇದ್ದಾರೆ. ಮನಸ್ಸು ಅಂತ ಅರ್ಥ ಹಚ್ಚಿದರೆ ಇದರಲ್ಲಿ ಒಂದೂ ಕೂರುವುದಿಲ್ಲ.

ಅದಕ್ಕೆ ನಾನು ಮಾಡಿದ್ದು ಇಷ್ಟೇ. ಒಂದು ಸಣ್ಣ ನೋಟ್‌ಬುಕ್. ಆದರೆ ಎ, ಬಿ, ಸಿ ಪ್ರಕಾರ ಬರೆಯಲಿಲ್ಲ. ಜಾಗದ ಪ್ರಕಾರ ಬರೆದೆ. ಲಿಫ್ಟಿಗೆ ಒಂದು ಪುಟ, ಫೋನಿಗೆ ಒಂದು ಪುಟ, ಕೌಂಟರಿಗೆ ಒಂದು ಪುಟ, ಬಸ್ಸಿಗೆ ಒಂದು ಪುಟ. ಒಂದೊಂದೇ ಪದ ಬರೆಯುವುದಿಲ್ಲ. ಕೇಳಿದ ಮಾತನ್ನು ಇಡಿಯಾಗಿ, ಕನ್ನಡ ಅಕ್ಷರದಲ್ಲೇ, ಕಿವಿಗೆ ಬಿದ್ದ ಹಾಗೆ. ಯಾಕೆಂದರೆ ನಾಳೆ ಅದೇ ಲಿಫ್ಟ್, ಅದೇ ಮಾತು. ನಗರದಲ್ಲಿ ದಿನ ಬೆಳಗಾದರೆ ಅದೇ ಪಾಠ ಮತ್ತೆ ಮತ್ತೆ ನಡೆಯುತ್ತದೆ, ಫೀಸ್ ಇಲ್ಲದೆ.

ನಿಮ್ಮ ಕೌಂಟರ್ ಪುಟದಲ್ಲಿ ಬರೆದುಕೊಳ್ಳಿ: ವುಡ್ ಯು ಮೈಂಡ್ ಅಂತ ಕೇಳಿದರೆ ಉತ್ತರ 'ನಾಟ್ ಅಟ್ ಆಲ್'.

ಸ್ಟೇರಿಂಗ್ ಹಿಂದೆ

ನಾನು ಕಾರ್ ಓಡಿಸುತ್ತೇನೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟೆ. ನನ್ನ ಇಂಗ್ಲಿಷ್ ಪೂರ್ತಿ ಹಿಂದಿನ ಸೀಟಿನವರು ಕೊಟ್ಟಿದ್ದು.

ನನಗೆ ಗೊತ್ತಾದ ಮೊದಲ ಸತ್ಯ ಏನು ಅಂದರೆ, ಗಾಡಿ ನಿಲ್ಲಿಸಬೇಕಾದರೆ 'ಸ್ಟಾಪ್' ಅನ್ನುವವರು ಕಡಿಮೆ. 'ಪುಲ್ ಓವರ್' ಅನ್ನುತ್ತಾರೆ. ಹತ್ತಿಸಿಕೊಳ್ಳುವುದು 'ಪಿಕ್ ಅಪ್', ಇಳಿಸುವುದು 'ಡ್ರಾಪ್ ಆಫ್', ಸ್ವಲ್ಪ ತಡಿ ಅನ್ನೋಕೆ 'ಹ್ಯಾಂಗ್ ಆನ್'. ಎಲ್ಲ ಚಿಕ್ಕ ಚಿಕ್ಕ ಪದ. ಆದರೆ ಜೋಡಿ ಸೇರಿದ ಕೂಡಲೇ ಬೇರೆ ಆಸಾಮಿ. ಪುಲ್ ಅಂದರೆ ಎಳಿ, ಓವರ್ ಅಂದರೆ ಮೇಲೆ. ಎರಡೂ ಸೇರಿದರೆ ಗಾಡಿ ಪಕ್ಕಕ್ಕೆ ಹಾಕಿ ನಿಲ್ಲಿಸು. ಯಾವ ಲೆಕ್ಕ ಇದು? ನನಗಂತೂ ಇವತ್ತಿಗೂ ಗೊತ್ತಿಲ್ಲ. ಆದರೆ ಒಂದು ಸಲವೂ ತಪ್ಪಿಲ್ಲ, ಯಾಕೆಂದರೆ ಅದನ್ನು ಕೇಳಿದಾಗಲೆಲ್ಲ ನನ್ನ ಕಾಲು ಬ್ರೇಕಿನ ಮೇಲೆ ಇತ್ತು.

ತಪ್ಪಿದ್ದು ಬೇರೆ ಕಡೆ. 'ರ‍್ಯಾನ್ ಇಂಟು' ಅಂದರೆ ಅಚಾನಕ್ಕಾಗಿ ಸಿಗುವುದು ಅಂತ ಒಬ್ಬರ ಮಾತಿನಿಂದ ಕಲಿತೆ. ಮಾರನೇ ದಿನ ಇನ್ನೊಬ್ಬ ಪ್ಯಾಸೆಂಜರ್ ಹತ್ತಿರ ಜಂಬದಿಂದ 'ಯೆಸ್ಟರ್‌ಡೇ ಐ ರ‍್ಯಾನ್ ಓವರ್ ಮೈ ಓಲ್ಡ್ ಫ್ರೆಂಡ್' ಅಂದೆ. ಹಳೇ ಸ್ನೇಹಿತನ ಮೇಲೆ ಗಾಡಿ ಹತ್ತಿಸಿದೆ ಅಂತ ಅರ್ಥ. ಡ್ರೈವರ್ ಬಾಯಲ್ಲಿ ಬರಬಾರದ ಮಾತು ಅದು. ಪಾಪ, ಅವರು ಸೀಟ್ ಬೆಲ್ಟ್ ಮುಟ್ಟಿ ನೋಡಿಕೊಂಡರು.

ನಿವೃತ್ತ ಮೇಷ್ಟ್ರು

ಎಲ್ಲರ ಅನುಭವ ಓದಿ ಖುಷಿಯಾಯಿತು. ಆದರೂ ಒಂದು ತಕರಾರು ಇದೆ, ಹೇಳಿಬಿಡುತ್ತೇನೆ. ಬೀದಿ ಇಂಗ್ಲಿಷ್ ಬೇಗ ಬರುತ್ತದೆ, ಬೇಗ ನಿಂತೂ ಹೋಗುತ್ತದೆ. ನಗರಕ್ಕೆ ಬಂದು ಇಪ್ಪತ್ತು ವರ್ಷ ಆದವರು ಈಗಲೂ 'ಐ ಡಿಡ್ ನಾಟ್ ವೆಂಟ್' ಅನ್ನುವುದನ್ನು ಕೇಳಿದ್ದೇನೆ. ಯಾಕೆ? ಎದುರಿನವರಿಗೆ ಅರ್ಥವಾಗಿಬಿಡುತ್ತದೆ. ಕೆಲಸ ಆಗಿಬಿಡುತ್ತದೆ. ತಿದ್ದುವ ಗೋಜಿಗೆ ಯಾರೂ ಹೋಗುವುದಿಲ್ಲ. ತಪ್ಪು ಹಾಗೇ ಕಲ್ಲಾಗುತ್ತದೆ. ಲ್ಯಾರಿ ಸೆಲಿಂಕರ್ ಎಂಬ ಭಾಷಾ ವಿಜ್ಞಾನಿ 1972ರಲ್ಲಿ ಇದನ್ನು 'ಫಾಸಿಲೈಸೇಷನ್' ಅಂತಲೇ ಕರೆದರು. ಪಳೆಯುಳಿಕೆ ಆಗುವುದು.

ಅಂದಹಾಗೆ ಈ 'ಡಿಡ್ ನಾಟ್ ವೆಂಟ್' ಕನ್ನಡದವರು ಮಾಡಲೇಬಾರದ ತಪ್ಪು. ಕನ್ನಡದಲ್ಲಿ 'ಹೋದೆ' ಅನ್ನುವುದಕ್ಕೆ 'ಇಲ್ಲ' ಸೇರಿಸಿದರೆ 'ಹೋದೆ ಇಲ್ಲ' ಅನ್ನುತ್ತೇವೆಯೇ? 'ಹೋಗಲಿಲ್ಲ' ಅನ್ನುತ್ತೇವೆ. 'ಇಲ್ಲ' ಬಂದ ಕೂಡಲೇ 'ಹೋದೆ' ಹೋಗಿ 'ಹೋಗಲು' ಬರುತ್ತದೆ. ಇಂಗ್ಲಿಷ್ ಕೂಡ ಹೆಚ್ಚುಕಡಿಮೆ ಹಾಗೇ. 'ಡಿಡ್ ನಾಟ್' ಬಂದ ಕೂಡಲೇ 'ವೆಂಟ್' ಹೋಗಿ 'ಗೋ' ಬರುತ್ತದೆ. ಇಷ್ಟನ್ನು ಒಮ್ಮೆ ಯಾರಾದರೂ ಕೂರಿಸಿ ಹೇಳಿದರೆ ಐದು ನಿಮಿಷದ ಕೆಲಸ. ಬೀದಿಯಲ್ಲಿ ಯಾರು ಹೇಳುತ್ತಾರೆ?

ರಾತ್ರಿ ಪಾಳಿ

ಮೇಷ್ಟ್ರೇ, 'ಹೋಗಲಿಲ್ಲ' ಉದಾಹರಣೆಗೆ ಕೈ ಮುಗಿದೆ. ಶಾಲೆಯಲ್ಲಿ ನೀವೇ ಸಿಗಬೇಕಿತ್ತು. ಆದರೆ ತಿದ್ದುವವರು ಇಲ್ಲ ಅನ್ನುವುದನ್ನು ಒಪ್ಪಲಾರೆ. ಕೇಳಬೇಕು ಅಷ್ಟೇ. ನಾನು ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರಿಗೆ ಹೇಳಿಟ್ಟಿದ್ದೆ: 'ಅಕ್ಕ, ನನ್ನ ಎಲ್ಲ ತಪ್ಪನ್ನೂ ತಿದ್ದಬೇಡಿ, ಬಾಯಿಯೇ ಬರೋದಿಲ್ಲ. ಈ ತಿಂಗಳು ಹಿ, ಶಿ ಅದಲು ಬದಲಾದರೆ ಮಾತ್ರ ತಿದ್ದಿ.' ಅವರು ದೂರದಿಂದ ಒಂದು ಬೆರಳು ಎತ್ತುತ್ತಿದ್ದರು. ಪೇಷಂಟಿಗೂ ಗೊತ್ತಾಗುತ್ತಿರಲಿಲ್ಲ. ಒಂದು ತಿಂಗಳಿಗೆ ಒಂದು ತಪ್ಪು. ಅದು ಹೋದ ಮೇಲೆ ಇನ್ನೊಂದು.

ಸುಮ್ನೆ ಒಂದು ಮಾತು: ಡಾಕ್ಟರ ಚೀಟಿಯಲ್ಲಿರುವುದೆಲ್ಲ ಇಂಗ್ಲಿಷ್ ಅಂದುಕೊಂಡಿದ್ದೆ. ಬಿ.ಡಿ. ಅಂದರೆ ದಿನಕ್ಕೆ ಎರಡು ಸಲ, ಟಿ.ಡಿ.ಎಸ್. ಅಂದರೆ ಮೂರು ಸಲ. ಎಲ್ಲ ಲ್ಯಾಟಿನ್. ಎಸ್.ಒ.ಎಸ್. ಅಂದರೆ 'ಸಿ ಓಪಸ್ ಸಿಟ್', ಬೇಕಾದರೆ ಮಾತ್ರ ತೆಗೆದುಕೊಳ್ಳಿ ಅಂತ. ಒಬ್ಬ ಹುಡುಗ ಅದನ್ನು ಅಪಾಯದ ಕರೆ ಅಂದುಕೊಂಡು ಮಾತ್ರೆ ಕೈಯಲ್ಲಿ ಹಿಡಿದು ಕಾರಿಡಾರ್ ತುಂಬ ಓಡಿದ್ದ.

ಕಿಟಕಿ ಸೀಟು

ಮೂಲ ಪ್ರಶ್ನೆಗೆ ಬರುತ್ತೇನೆ. ಓದಿದರೆ ತಿಳಿಯುತ್ತದೆ, ಕೇಳಿದರೆ ತಿಳಿಯುವುದಿಲ್ಲ ಅಂದಿರಿ. ನನ್ನದೂ ಅದೇ ಕಾಯಿಲೆ ಇತ್ತು. ತಪ್ಪು ನಮ್ಮ ಕಿವಿಯದ್ದಲ್ಲ. ನಾವು ಕನ್ನಡದಲ್ಲಿ ಬರೆದಿದ್ದನ್ನೆಲ್ಲ ಉಚ್ಚರಿಸುತ್ತೇವೆ, ಪ್ರತಿ ಅಕ್ಷರಕ್ಕೂ ಮರ್ಯಾದೆ ಕೊಡುತ್ತೇವೆ. ಇಂಗ್ಲಿಷಿನವರು ಮುಖ್ಯವಾದ ಪದದ ಮೇಲೆ ಒತ್ತು ಹಾಕಿ ಉಳಿದಿದ್ದನ್ನು ನುಂಗಿಬಿಡುತ್ತಾರೆ. 'ವಾಟ್ ಡು ಯು ವಾಂಟ್ ಟು ಡು' ಅಂತ ಆರು ಪದ ಕಾಯುತ್ತಾ ಕೂತರೆ 'ವಾಡ್ಯ ವಾನ ಡು' ಅಂತ ಬಂದು ಹೋಗಿಯೂ ಆಗಿರುತ್ತದೆ. ಪುಟದ ಮೇಲೆ ಪದಗಳ ನಡುವೆ ಜಾಗ ಇರುತ್ತದೆ. ಗಾಳಿಯಲ್ಲಿ ಇರುವುದಿಲ್ಲ.

ಥರ್ಟೀನ್, ಥರ್ಟಿ ಎರಡಕ್ಕೂ ನಾನು ಕೊನೆಯ 'ನ್' ಹುಡುಕುತ್ತಿದ್ದೆ. ಅದು ಎಷ್ಟೋ ಸಲ ಕೇಳಿಸುವುದೇ ಇಲ್ಲ. ಒತ್ತು ಕೇಳಿಸಿಕೊಳ್ಳಬೇಕು. ಥರ್ಟಿಯಲ್ಲಿ ಒತ್ತು ಮೊದಲಿಗೆ, ಥರ್ಟೀನ್ ಒಂದನ್ನೇ ಹೇಳಿದಾಗ ಒತ್ತು ಕೊನೆಗೆ. ಈ ಗುಟ್ಟು ತಿಳಿಯುವ ಮೊದಲು ಹದಿಮೂರನೇ ಪ್ಲಾಟ್‌ಫಾರಂ ಬದಲು ಮೂವತ್ತನ್ನು ಹುಡುಕಿಕೊಂಡು ಒಂದು ರೈಲು ತಪ್ಪಿಸಿಕೊಂಡಿದ್ದೇನೆ.

ನನಗೆ ಮದ್ದು ಸಿಕ್ಕಿದ್ದು ರೈಲಿನ ಅನೌನ್ಸ್‌ಮೆಂಟಿನಲ್ಲಿ. ಯೋಚನೆ ಮಾಡಿ: ಅದೇ ದನಿ, ಅದೇ ವೇಗ, ಅದೇ ವಾಕ್ಯ. ದಿನಕ್ಕೆ ಇಪ್ಪತ್ತು ಸಲ. ಅದೇ ಹೊತ್ತಿಗೆ ಎದುರಿನ ಬೋರ್ಡಿನಲ್ಲಿ ಅಕ್ಷರವೂ ಓಡುತ್ತಿರುತ್ತದೆ. ಇಷ್ಟು ಒಳ್ಳೆಯ ಪಾಠ ಯಾವ ಆ್ಯಪೂ ಕೊಡುವುದಿಲ್ಲ. ಮೊದಲ ವಾರ ಬರೀ ಕೇಳಿದೆ. ಎರಡನೇ ವಾರ ಅದರ ಜೊತೆಗೇ ಮನಸ್ಸಿನಲ್ಲಿ ಹೇಳಿದೆ. ಮೂರನೇ ವಾರ ಅದಕ್ಕಿಂತ ಅರ್ಧ ಸೆಕೆಂಡ್ ಮುಂಚೆ ಹೇಳತೊಡಗಿದೆ, ತುಟಿ ಅಲ್ಲಾಡಿಸಿ. ಪಕ್ಕದವರು ಏನೋ ಜಪ ಮಾಡುತ್ತಿದ್ದಾನೆ ಅಂದುಕೊಂಡಿರಬೇಕು.

ಸ್ಟೇರಿಂಗ್ ಹಿಂದೆ

ಸ್ಪೆಲಿಂಗ್ ಬಗ್ಗೆ ಯಾರಾದರೂ ಹೇಳಿ. 'ಕ್ಯೂ' ಅನ್ನೋಕೆ ಐದು ಅಕ್ಷರ ಬರೆಯುತ್ತಾರೆ. ಮೊದಲನೆಯದನ್ನು ಓದಿದರೆ ಸಾಕು, ಉಳಿದ ನಾಲ್ಕು ಸುಮ್ನೆ ಹಿಂದೆ ಸಾಲು ನಿಂತಿವೆ.

ನಿವೃತ್ತ ಮೇಷ್ಟ್ರು

ಹ್ಹಹ್ಹ, ಚೆನ್ನಾಗಿ ಹೇಳಿದಿರಿ. ಇಂಗ್ಲಿಷಿನಲ್ಲಿ 26 ಅಕ್ಷರ, ಧ್ವನಿಗಳು ಸುಮಾರು 44. ಅಲ್ಲಿಗೇ ಜಗಳ ಶುರು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಅಚ್ಚಾದ ಹಾಗೆಲ್ಲ ಕಾಗುಣಿತ ನಿಧಾನವಾಗಿ ಗಟ್ಟಿಯಾಯಿತು. ಉಚ್ಚಾರಣೆ ಮಾತ್ರ ಬದಲಾಗುತ್ತಲೇ ಹೋಯಿತು. 'ನೈಫ್' ಪದದಲ್ಲಿರುವ 'ಕೆ' ಒಂದು ಕಾಲದಲ್ಲಿ ನಿಜವಾಗಿ ಕೇಳಿಸುತ್ತಿತ್ತು. 'ಡೆಟ್' ಪದದ 'ಬಿ' ಕಥೆಯೇ ಬೇರೆ. ಅದನ್ನು ಇಂಗ್ಲಿಷಿನಲ್ಲಿ ಯಾರೂ ಉಚ್ಚರಿಸಿಯೇ ಇರಲಿಲ್ಲ. ಲ್ಯಾಟಿನ್ನಿನ 'ಡೆಬಿಟಮ್' ನೆನಪಿಗೆ ಪಂಡಿತರು ಆಮೇಲೆ ತುರುಕಿದರು. ನಿಮ್ಮ ಸಾಲದ ಪತ್ರದಲ್ಲಿ ಆ 'ಬಿ' ಕಂಡರೆ ಬೈಯಿರಿ, ತಪ್ಪಿಲ್ಲ.

ಟೋಕನ್ ನಂಬರ್ 84

ನಾನು ಒಂದು ಕಚೇರಿಯ ರಿಸೆಪ್ಷನ್‌ನಲ್ಲಿ ಕೂರುತ್ತೇನೆ. ಕೌಂಟರಿನ ಈ ಕಡೆಯಿಂದ ಕಾಣುವ ಒಂದು ವಿಷಯ ಹೇಳಬೇಕು.

ಕನ್ನಡದವರು ಬಂದು 'ಗಿವ್ ಫಾರಂ' ಅನ್ನುತ್ತಾರೆ. ಅವರ ಮುಖದಲ್ಲಿ ಪೂರ್ತಿ ವಿನಯ, ಕೈ ಕೂಡ ಮುಂದೆ ಕಟ್ಟಿಕೊಂಡಿರುತ್ತಾರೆ. ಆದರೆ ಕೇಳಿದವರಿಗೆ ಅದು ಹುಕುಂ. ಎಲ್ಲಿ ಕಳೆದುಹೋಯಿತು ಮರ್ಯಾದೆ? ಕನ್ನಡದಲ್ಲಿ ಅದು 'ಕೊಡಿ' ಅನ್ನುವ ಪದದ ಬಾಲದಲ್ಲೇ ಇದೆ. 'ಕೊಡು' ಅಲ್ಲ, 'ಕೊಡಿ'. ಇಂಗ್ಲಿಷಿನ 'ಗಿವ್'ಗೆ ಬಾಲವಿಲ್ಲ. ನೀನು, ನೀವು ಎರಡಕ್ಕೂ ಒಂದೇ 'ಯು'. ಹಾಗಾಗಿ ಅವರು ಮರ್ಯಾದೆಯನ್ನು ವಾಕ್ಯದ ಆರಂಭದಲ್ಲಿ ಇಡುತ್ತಾರೆ. 'ಕುಡ್ ಐ ಹ್ಯಾವ್', 'ವುಡ್ ಯು ಮೈಂಡ್', 'ಮೇ ಐ'. ಶಾಲೆಯಲ್ಲಿ 'ಕುಡ್' ಅಂದರೆ 'ಕ್ಯಾನ್'ನ ಭೂತಕಾಲ ಅಂತ ಮಾತ್ರ ಹೇಳಿದ್ದರು. ಇಲ್ಲಿ ಅದು ಭೂತವೂ ಅಲ್ಲ, ಕಾಲವೂ ಅಲ್ಲ. ನಮ್ಮ 'ಸ್ವಲ್ಪ ಕೊಡ್ತೀರಾ' ಇದೆಯಲ್ಲ, ಆ 'ಸ್ವಲ್ಪ' ಮಾಡುವ ಕೆಲಸ. ಪೆನ್ನನ್ನು ಸ್ವಲ್ಪ ಕೊಡಲು ಆಗುತ್ತದೆಯೇ? ಆದರೂ ಕೇಳುತ್ತೇವೆ, ಅಲ್ವಾ?

ನಾನು ಒಂದೇ ಅಚ್ಚು ಇಟ್ಟುಕೊಂಡೆ. 'ಕುಡ್ ಐ ಹ್ಯಾವ್... ಪ್ಲೀಸ್?' ನಡುವೆ ಬೇಕಾದ್ದನ್ನು ತುಂಬುವುದು. ಎ ಫಾರಂ, ಎ ರಿಸೀಟ್, ಯುವರ್ ನಂಬರ್. ಮೊದಲ ಮೂರು ತಿಂಗಳು ಈ ಒಂದೇ ವಾಕ್ಯದಲ್ಲಿ ಸಂಸಾರ ಸಾಗಿಸಿದೆ.

ಇನ್ನೊಂದು ಹೌದು-ಇಲ್ಲದ ತೊಡಕು. 'ಯು ಡಿಡಂಟ್ ಗೆಟ್ ದ ಫಾರಂ?' ಅಂತ ಕೇಳಿದರೆ ನಾವು 'ಯೆಸ್' ಅನ್ನುತ್ತೇವೆ. 'ಹೌದು, ನೀವು ಹೇಳಿದ್ದು ಸರಿ, ಸಿಗಲಿಲ್ಲ' ಅಂತ ನಮ್ಮ ಲೆಕ್ಕ. ಅವರ ಲೆಕ್ಕದಲ್ಲಿ ಸಿಗದಿದ್ದರೆ 'ನೋ', ಸಿಕ್ಕಿದ್ದರೆ 'ಯೆಸ್'. ಪ್ರಶ್ನೆ ಹೇಗೇ ಕೇಳಲಿ. ನಾನು ಬರೀ ಯೆಸ್, ನೋ ಹೇಳುವುದನ್ನೇ ಬಿಟ್ಟೆ. 'ನೋ, ಐ ಡಿಡಂಟ್' ಅಂತ ಬಾಲ ಸೇರಿಸಿ ಹೇಳಿದರೆ ಗೊಂದಲಕ್ಕೆ ಜಾಗವೇ ಇಲ್ಲ.

ಏಳನೇ ಮಹಡಿ

ನನ್ನ ಅಮ್ಮನ ಕಥೆ ಹೇಳಲೇ? ವಯಸ್ಸು 58. ನಮ್ಮ ಜೊತೆ ಇರಲು ಬಂದಾಗ ಇಂಗ್ಲಿಷ್ ಅಂಕಿ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ನಾನು ಹಗಲೆಲ್ಲ ಆಫೀಸಿನಲ್ಲಿ. ಅವರಿಗೆ ಕಲಿಸಿದ್ದು ಈ ಕಟ್ಟಡವೇ.

ಮೊದಲು ಪುಶ್, ಪುಲ್. ನಾನು ನೂರು ಸಲ ಹೇಳಿದರೂ ಎರಡನ್ನೂ ಅದಲು ಬದಲು ಮಾಡುತ್ತಿದ್ದರು. ಒಂದು ದಿನ ಅವರೇ ಕಂಡುಕೊಂಡರು: 'ಪುಲ್ ಅಂತ ಬರೆದ ಕಡೆ ಹಿಡಿ ಇರುತ್ತದೆ ಕಣೇ, ಪುಶ್ ಕಡೆ ಬರೀ ತಗಡು.' ಎಲ್ಲ ಬಾಗಿಲೂ ಹಾಗಿರುವುದಿಲ್ಲ, ಆದರೆ ನಮ್ಮ ಕಟ್ಟಡದಲ್ಲಿ ಹಾಗೇ ಇದೆ. ಅಲ್ಲಿಂದ ಮುಂದೆ ಆ ಪದಗಳು ಅವರ ಕೈಗೇ ಗೊತ್ತು. ಲಿಫ್ಟಿನ ದನಿಯಿಂದ 'ಡೋರ್ಸ್ ಓಪನಿಂಗ್, ಡೋರ್ಸ್ ಕ್ಲೋಸಿಂಗ್, ಗೋಯಿಂಗ್ ಅಪ್' ಬಂತು. ಈಗ ಮನೆಯ ಕಿಟಕಿ ಮುಚ್ಚುವಾಗಲೂ 'ಕ್ಲೋಸಿಂಗ್' ಅನ್ನುತ್ತಾರೆ. ಲಿಫ್ಟ್ ಕೆಟ್ಟಾಗ ನೋಡಿದ 'ಔಟ್ ಆಫ್ ಆರ್ಡರ್' ಬೋರ್ಡ್ ಅವರಿಗೆ ಬಹಳ ಹಿಡಿಸಿಬಿಟ್ಟಿತು. ಮಂಡಿ ನೋವು ಜಾಸ್ತಿಯಾದ ದಿನ 'ಇವತ್ತು ನಾನು ಔಟ್ ಆಫ್ ಆರ್ಡರ್' ಅಂತ ಸೋಫಾದ ಮೇಲೆ ಕೂರುತ್ತಾರೆ.

ಒಂದೇ ಸಮಸ್ಯೆ. ಪಕ್ಕದ ಮನೆಯವರು ದಾಟಿ ಹೋಗುವಾಗ 'ಹೌ ಆರ್ ಯು?' ಅಂದರೆ ಅಮ್ಮ ಅವರನ್ನು ನಿಲ್ಲಿಸಿ ಮಂಡಿಯಿಂದ ಶುರು ಮಾಡುತ್ತಾರೆ. 'ಅದು ಪ್ರಶ್ನೆ ಅಲ್ಲಮ್ಮ, ನಮಸ್ಕಾರ ಅಂದ ಹಾಗೆ' ಅಂತ ಹೇಳಿದೆ. 'ಉತ್ತರ ಬೇಡವಾದರೆ ಯಾಕೆ ಕೇಳುತ್ತಾರೆ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಮ್ಮನಿಗೆ ನಾಚಿಕೆ ಇಲ್ಲ. ನನಗಿಂತ ಬೇಗ ಕಲಿತಿದ್ದು ಅದಕ್ಕೇ ಅಂತ ನನ್ನ ಅನುಮಾನ.

ಹೊಸ ಬಾಡಿಗೆದಾರ

ಎಲ್ಲರಿಗೂ ಧನ್ಯವಾದ. ಅಮ್ಮನ 'ಔಟ್ ಆಫ್ ಆರ್ಡರ್' ಓದಿ ಆಫೀಸಿನಲ್ಲಿ ಒಬ್ಬನೇ ನಕ್ಕೆ. ಆದರೆ ನನ್ನ ತೊಂದರೆ ಆ ನಾಚಿಕೆಯೇ. ಅರ್ಥವಾಗದಿದ್ದಾಗ 'ವಾಟ್?' ಅಂತ ಒಂದು ಸಲ ಕೇಳಬಹುದು. ಎರಡನೇ ಸಲ ಕೇಳಲು ಬಾಯಿ ಬರುವುದಿಲ್ಲ. ಸುಮ್ಮನೆ ತಲೆ ಆಡಿಸುತ್ತೇನೆ. ಫೋನಿನಲ್ಲಂತೂ ಇನ್ನೂ ಕಷ್ಟ. ಎದುರಿಗೆ ಮುಖವೂ ಇರುವುದಿಲ್ಲ.

ಟೋಕನ್ ನಂಬರ್ 84

ತಲೆ ಆಡಿಸುವವರು ಈ ಕಡೆ ಕೂತವರಿಗೆ ಗೊತ್ತಾಗುತ್ತಾರೆ, ಸರ್. ಮೂರು ನಿಮಿಷ ಬಿಟ್ಟು ಅದೇ ಪ್ರಶ್ನೆ ಹಿಡಿದು ವಾಪಸ್ ಬರುತ್ತಾರೆ. ನಮಗೆ ಮತ್ತೆ ಹೇಳುವುದು ಕಷ್ಟವೇ ಅಲ್ಲ. ಆದರೆ 'ವಾಟ್?' ಅನ್ನಬೇಡಿ, ಅದು ಜಗಳಕ್ಕೆ ಬಂದ ಹಾಗೆ ಕೇಳಿಸುತ್ತದೆ. 'ಸಾರಿ, ಐ ಡಿಡಂಟ್ ಕ್ಯಾಚ್ ದಟ್' ಅನ್ನಿ. ಇನ್ನೂ ಒಳ್ಳೆಯದು ಏನು ಅಂದರೆ, ತಿಳಿದಷ್ಟನ್ನು ನೀವೇ ಹೇಳಿ. 'ಸೋ ಐ ಸೈನ್ ಹಿಯರ್, ಅಂಡ್ ಕಮ್ ಬ್ಯಾಕ್ ಆನ್ ಮಂಡೇ?' ತಪ್ಪಿದ್ದರೆ ಅವರೇ ತಿದ್ದುತ್ತಾರೆ. ತಿದ್ದುವಾಗ ನಿಧಾನವಾಗಿಯೂ ಹೇಳುತ್ತಾರೆ.

ಫೋನಿನಲ್ಲಿ ಹೆಸರು ಹೇಳುವಾಗ ಆಲ್ಫಾ, ಬ್ರಾವೊ, ಚಾರ್ಲಿ ಪಟ್ಟಿ ಕಲಿತುಬಿಡಿ. 26 ಪದ, ಒಂದು ಸಂಜೆಯ ಕೆಲಸ. 1956ರಿಂದ ವಿಮಾನದವರು ಬಳಸುತ್ತಿರುವುದು. ಬಿ, ವಿ, ಡಿ, ಟಿ ಎಲ್ಲ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ, ಇಂಗ್ಲಿಷ್ ಮನೆಮಾತಾಗಿರುವವರಿಗೂ.

ಕಿಟಕಿ ಸೀಟು

ಕ್ಲಾಸಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಒಂದಕ್ಕೆ ಸೇರಿ ಬಿಟ್ಟವನು. ಒಂದು ಗಂಟೆಯ ಕ್ಲಾಸು, ಮೂವತ್ತು ಜನ. ಟೀಚರ್ ಒಂದು ಮಾತೂ ಆಡದಿದ್ದರೂ ತಲೆಗೆ ಎರಡೇ ನಿಮಿಷ. ಟೀಚರ್ ಐವತ್ತು ನಿಮಿಷ ಮಾತಾಡುತ್ತಿದ್ದರು. ಉಳಿದಿದ್ದನ್ನು ನೀವೇ ಲೆಕ್ಕ ಹಾಕಿ.

ನಿವೃತ್ತ ಮೇಷ್ಟ್ರು

ಈ ಲೆಕ್ಕಕ್ಕೆ ನಾನು ತಲೆಬಾಗುತ್ತೇನೆ, ನನ್ನ ಕ್ಲಾಸೂ ಹಾಗೇ ಇತ್ತು. ಸೇರುವ ಮುಂಚೆ ಹೋಗಿ ಒಂದೇ ಪ್ರಶ್ನೆ ಕೇಳಿ: ಒಂದು ಗಂಟೆಯಲ್ಲಿ ನಾನು ಎಷ್ಟು ನಿಮಿಷ ಮಾತಾಡುತ್ತೇನೆ, ನನ್ನ ತಪ್ಪನ್ನು ಯಾರು ಹೇಳುತ್ತಾರೆ? ಉತ್ತರ ತಡವರಿಸಿದರೆ ವಾಪಸ್ ಬನ್ನಿ.

ಪದಗಳ ಬಗ್ಗೆ ಹೆದರಬೇಡಿ. ಮೈಕೆಲ್ ವೆಸ್ಟ್ ಎಂಬುವರು 1953ರಲ್ಲಿ ಕಲಿಯುವವರಿಗಾಗಿ ಒಂದು ಪಟ್ಟಿ ಪ್ರಕಟಿಸಿದರು. ಅದರಲ್ಲಿ ಇದ್ದಿದ್ದು ಸುಮಾರು 2000 ಪದ. ದಿನಬಳಕೆಯ ಬಹುಪಾಲು ಅದರಲ್ಲೇ ಮುಗಿಯುತ್ತದೆ. ನೀವು ಡಿಗ್ರಿ ಓದಿದವರು, ಅಷ್ಟು ಪದ ನಿಮ್ಮ ತಲೆಯಲ್ಲಿ ಆಗಲೇ ಇವೆ. ಬಾಯಿಗೆ ಬರುವ ದಾರಿ ಮಾತ್ರ ಕಟ್ಟಿಕೊಂಡಿದೆ.

ಸ್ಟೇರಿಂಗ್ ಹಿಂದೆ

2000ವೇ? ನನ್ನ ಹತ್ತಿರ 400 ಇದ್ದರೆ ಹೆಚ್ಚು, ಮೇಷ್ಟ್ರೇ. ಅದರಲ್ಲಿ ಅರ್ಧ 'ಲೆಫ್ಟ್', 'ರೈಟ್', 'ಸ್ಟ್ರೇಟ್'. ಗಾಡಿ ಓಡುತ್ತಿದೆ.

ಹೊಸ ಬಾಡಿಗೆದಾರ

ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ನೋಟ್‌ಬುಕ್ ತಗೊಂಡೆ, ಪುಟಗಳಿಗೆ ಜಾಗದ ಹೆಸರು ಹಾಕಿದೆ. ಇವತ್ತು ಅದೇ ಬ್ಯಾಂಕ್, ಅದೇ ಕೌಂಟರ್, ಅದೇ ಮೇಡಂ. ಬೆಳಗ್ಗೆಯಿಂದ 'ನಾಟ್ ಅಟ್ ಆಲ್, ನಾಟ್ ಅಟ್ ಆಲ್' ಅಂತ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. 'ಕುಡ್ ಐ ಹ್ಯಾವ್ ಎ ಸ್ಟೇಟ್‌ಮೆಂಟ್, ಪ್ಲೀಸ್' ಅಂತ ಕೇಳಿದೆ. ಚೆನ್ನಾಗಿಯೇ ಬಂತು. ಅವರು ಕಂಪ್ಯೂಟರ್ ನೋಡುತ್ತಾ ನನ್ನ ಕಡೆ ತಿರುಗಿದರು. ನಾನು ಉತ್ತರ ಹಿಡಿದು ತಯಾರಾಗಿ ನಿಂತಿದ್ದೆ.

ಅವರು ಕೇಳಲೇ ಇಲ್ಲ ಕಣ್ರೀ. 'ಬೇರ್ ವಿತ್ ಮಿ' ಅಂದರು. ನನಗೆ ಬೇರ್ ಅಂದರೆ ಕರಡಿ ಒಂದೇ ಗೊತ್ತು. ಆದರೂ ತಲೆ ಆಡಿಸಲಿಲ್ಲ. 'ಸಾರಿ, ಐ ಡಿಡಂಟ್ ಕ್ಯಾಚ್ ದಟ್' ಅಂದೆ. ಅವರು ನಕ್ಕು, ಕೈಯಲ್ಲಿ ಎರಡು ನಿಮಿಷ ಅಂತ ತೋರಿಸಿದರು. ಕೂತು ಕಾದೆ. ಅದು ಕರಡಿ ಅಲ್ಲ ಅಂತ ಗೊತ್ತು, ಸರಿಯಾಗಿ ಏನು ಅಂತ ಯಾರಾದರೂ ಹೇಳಿ.

ರಾತ್ರಿ ಪಾಳಿ

'ಸ್ವಲ್ಪ ಸಹಿಸಿಕೊಳ್ಳಿ, ತಡವಾಗುತ್ತಿದೆ' ಅಂತ. ಅಕ್ಷರ ಕೂಡ ಕರಡಿಯದ್ದೇ. ಕೌಂಟರ್ ಪುಟ, 'ವುಡ್ ಯು ಮೈಂಡ್' ಕೆಳಗೆ.